ಇಳಸೋದು ಒಂದ ಸಲ, ಕಾಯೋದು ದಿನಾಲೂ

ಆರು ವರ್ಷದ ಹಿಂದ ನಾ ಹೊಟ್ಟಿ ಸಣ್ಣ ಮಾಡೋ ಆಪರೇಷನ್ ಮಾಡಿಸಿಕೊಂಡಾಗ ನಮ್ಮ ಬಳಗದವರು, ಓಣಿಯವರು ಎಲ್ಲಾರದೂ ಒಂದ ಪ್ರಶ್ನಿ ಇತ್ತು: "ಎಷ್ಟ ಕಿಲೋ ಇಳದೀ?" ಈಗ ಆ ಪ್ರಶ್ನಿ ಹಳೇದಾತು, ಹೊಸಾವು ಬಂದಾವ. "ಆರು ವರ್ಷ ಆತಲ್ಲ, ಇನ್ನೂ ಏನ ಪಥ್ಯಾ ನಿಂದು?" ಅಂತ ಒಬ್ರು. "ಮತ್ತ ಸ್ವಲ್ಪ ಮೈ ತುಂಬಿಕೊಂಡಂಗ ಕಾಣಸ್ತದಲ್ರಿ ವೈನಿ" ಅಂತ ಇನ್ನೊಬ್ರು. ನನ್ನ ತಂಗಿ ಮಗಳಿಗೂ ಡಾಕ್ಟರು ಇದ ಆಪರೇಷನ್ ಬಗ್ಗೆ ವಿಚಾರ ಮಾಡ್ರಿ ಅಂದಾರಂತ. "ಮೌಶಿ, ಇಳದದ್ದು ಹಂಗ ಇರ್ತದೇನು?" ಅಂತ ಫೋನಿನಾಗ ಕೇಳಿದ್ಲು. ಇಷ್ಟ ಮಂದಿಗೆ ಬಿಡಿಬಿಡಿಯಾಗಿ ಉತ್ತರಾ ಕೊಡೋಕಿಂತಾ ಒಮ್ಮೆ ಕೂತು ಬರದಬಿಡೋಣ ಅಂತ ಇವತ್ತ ಬರೀಲಿಕತ್ತೇನಿ.

ಉತ್ತರಾ ಮೊದಲ ಹೇಳಿಬಿಡತೇನಿ. ಇಳದದ್ದು ತಾನಾಗಿ ಇರೂದಿಲ್ಲ, ನಾವು ಇಟಗೋಬೇಕಾಗತದ. ನಾವೆಲ್ಲಾ ಮಾವಿನಕಾಯಿ ಉಪ್ಪಿನಕಾಯಿ ಹಾಕೋರು. ಹಾಕೋದು ಒಂದ ದಿನದ ಕೆಲಸ. ಆದ್ರ ಅದು ಮುಂದಿನ ವರ್ಷದ ಮಾವಿನಕಾಯಿ ಬರೋತನಕಾ ಬೂಸು ಹಿಡೀದಂಗ ಇರಬೇಕಂದ್ರ ಒಣಾ ಚಮಚಾನ ಹಾಕಬೇಕು, ಮ್ಯಾಲೆ ಎಣ್ಣಿ ನಿಂತದೋ ಇಲ್ಲೋ ನೋಡಬೇಕು, ಭರಣಿ ಬಾಯಿಗೆ ಅರಿವಿ ಕಟ್ಟಬೇಕು. ಅದನ್ನ ಯಾರೂ ಹೊಗಳೂದಿಲ್ಲ, ಆದ್ರ ಅದು ತಪ್ಪಿದ್ರ ಭರಣಿಗೆ ಭರಣಿನ ಹೋತು. ತೂಕದ್ದೂ ಹಂಗ. ಇಳಸೋದು ಡಾಕ್ಟರ ಕೈಯಾಗಿನ ಕೆಲಸ, ಕಾಯೋದು ನಮ್ಮ ಅಡಗಿ ಮನೀ ಕೆಲಸ.

ಆಪರೇಷನ್ ಅಂದ್ರ ಏನಂತ ಭಾಳ ಮಂದಿಗೆ ಇನ್ನೂ ಗೊತ್ತಿಲ್ಲ. ಹೊಟ್ಟಿ ಮ್ಯಾಲಿನ ಕೊಬ್ಬು ಕೊರದು ತಗೀತಾರ ಅಂತ ತಿಳಕೊಂಡವರೂ ಇದ್ದಾರ. ಅದು ಬ್ಯಾರೆ, ಇದು ಬ್ಯಾರೆ. ನಂದು ಸ್ಲೀವ್ ಅಂತಾರಲ್ಲ, ಅದು. ಜಠರದ ನೂರರಾಗ ಎಪ್ಪತ್ತೈದು ಎಂಬತ್ತು ಪಾಲು ತಗದು, ಉಳದದ್ದನ್ನ ಬಾಳೆಹಣ್ಣಿನಂಥಾ ಒಂದು ಕೊಳವಿ ಮಾಡಿ ಬಿಡತಾರ. ಇನ್ನೊಂದು ಬೈಪಾಸ್. ಅದರಾಗ ಜಠರದ ಮ್ಯಾಲಿನ ತುದಿಗೆ ತತ್ತಿಯಷ್ಟು ಸಣ್ಣ ಚೀಲ ಮಾಡಿ, ಅದನ್ನ ಸೀದಾ ಸಣ್ಣ ಕರಳಿಗೆ ಜೋಡಸ್ತಾರ. 1966ರಾಗ ಅಮೇರಿಕಾದ ಅಯೋವಾ ವಿಶ್ವವಿದ್ಯಾಲಯದಾಗ ಎಡ್ವರ್ಡ್ ಮೇಸನ್ ಅನ್ನೋ ಡಾಕ್ಟರು ಮೊದಲ ಇಂಥಾ ಬೈಪಾಸ್ ಮಾಡಿದ್ರಂತ. ಹೊಟ್ಟಿ ಹುಣ್ಣಿಗೆ ಜಠರದ ಭಾಗ ತಗದವರು ಆಮ್ಯಾಲೆ ದಪ್ಪ ಆಗೂದಿಲ್ಲ ಅನ್ನೋದನ್ನ ನೋಡಿ ಅವರಿಗೆ ಈ ವಿಚಾರ ಹೊಳೀತಂತ. ಈಗೆಲ್ಲಾ ದುರ್ಬೀನಿನಿಂದ ಸಣ್ಣ ಸಣ್ಣ ತೂತು ಹಾಕಿ ಮಾಡತಾರ, ಎರಡ್ಮೂರು ದಿನಕ್ಕ ಮನಿಗೆ ಕಳಸ್ತಾರ.

ನನ್ನ ಎತ್ತರ ಐದು ಅಡಿ ಒಂದು ಇಂಚು, ತೂಕ ಆವಾಗ 104 ಕಿಲೋ. ತೂಕಾನ್ನ ಮೀಟರಿನಾಗಿನ ಎತ್ತರದಿಂದ ಎರಡು ಸಲ ಭಾಗಿಸಿದ್ರ ಬರೋ ಅಂಕಿಗೆ ಬಿಎಂಐ ಅಂತಾರ. ನಂದು 43 ಇತ್ತು. ಮೊಣಕಾಲ ನೋವಿಗೆ ಅಟ್ಟದ ಮೆಟ್ಟಲಾ ಹತ್ತೋದು ಬಿಟ್ಟಿದ್ದೆ. ಸಕ್ಕರಿ ಕಾಯಿಲೆಗೆ ಗುಳಿಗಿ ಜೋಡಿ ಇನ್ಸುಲಿನ್ ನಡದಿತ್ತು. ನನ್ನ ಅವ್ವ ಇದ ಸಕ್ಕರಿ ಕಾಯಿಲೆದಾಗ 62ನೇ ವಯಸ್ಸಿಗೆ ಕಣ್ಣು ಕಳಕೊಂಡ್ಲು. ಕಡೀ ಎಂಟು ವರ್ಷ ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗತಿದ್ಲು. ಅದನ್ನ ದಿನಾ ಕಂಡಾಕಿ ನಾನು. ಹಿಂಗಾಗಿ ಇದು ಚಂದ ಕಾಣಬೇಕಂತ ಮಾಡಿಸಿಕೊಂಡದ್ದಲ್ಲ. ಮಂದಿ ಏನರೆ ಅಂದುಕೊಳ್ಳಲಿ, ನನ್ನ ಲೆಕ್ಕ ಕಣ್ಣಿಂದು, ಕಾಲಿಂದು.

ಮೊದಲಿನ ಒಂದು ಒಂದೂವರೆ ವರ್ಷ ಹೆಂಗಿರ್ತದಂದ್ರ, ತೂಕ ತಾನ ಇಳೀತದ. ಎರಡು ವಾರ ಬರೇ ನೀರಿನಂಥಾದ್ದು: ಬ್ಯಾಳಿ ಕಟ್ಟು, ಮಜ್ಜಿಗಿ, ಎಳನೀರು. ಆಮ್ಯಾಲೆ ಎರಡು ವಾರ ನುಣ್ಣಗ ರುಬ್ಬಿದ್ದು. ಆಮ್ಯಾಲೆ ಮೆತ್ತಂದು. ಎರಡು ತಿಂಗಳಿಗೆ ನಮ್ಮ ಮಾಮೂಲಿ ಊಟಾ, ಆದ್ರ ಸಣ್ಣ ವಾಟಗಾದಾಗ. ಹಸಿವಿನ ಸುದ್ದಿ ತಲಿಗೆ ಮುಟ್ಟಸೋ ಘ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ಜಠರದ ಯಾವ ಭಾಗದಾಗ ಹುಟ್ಟತದೋ ಆ ಭಾಗಾನ ತಗದಿರ್ತಾರ. ಹಿಂಗಾಗಿ ಹಸಿವೀನ ಆಗೂದಿಲ್ಲ. ಎರಡು ತುತ್ತಿಗೆ ಸಾಕಾಗತಿತ್ತು. ಹದಿನಾಲ್ಕು ತಿಂಗಳಿಗೆ ನಾ 68 ಕಿಲೋಕ್ಕ ಬಂದೆ. ಇನ್ಸುಲಿನ್ ಬಿಟ್ಟಿತು, ಗುಳಿಗಿನೂ ಬಿಟ್ಟುವು. ಮೂರು ತಿಂಗಳ ಸಕ್ಕರಿ ಲೆಕ್ಕ ಹೇಳೋ ರಕ್ತ ಪರೀಕ್ಷಾದಾಗ 9.2 ಇದ್ದದ್ದು 5.9ಕ್ಕ ಬಂತು. ನಡುವ ಕೂದಲ ಮುಷ್ಟಿ ಮುಷ್ಟಿ ಉದುರಿದ್ವು. ಮೂರರಿಂದ ಆರು ತಿಂಗಳಿನಾಗ ಹಂಗ ಆಗತದ, ಹೊಟ್ಟಿಗೆ ಸರಿಯಾಗಿ ಬಿದ್ರ ತಿರುಗಿ ಬರ್ತಾವ ಅಂದಿದ್ರು. ಹಂಗ ಬಂದ್ವು.

ಅಲ್ಲಿಗೆ ಕತಿ ಮುಗೀತು ಅಂತ ಮಂದಿ ತಿಳಕೋತಾರ. ಖರೇ ಕತಿ ಅಲ್ಲಿಂದ ಶುರು ಆಗತದ.

ಎರಡನೇ ವರ್ಷ ದಾಟಿದ ಮ್ಯಾಲೆ ಹಸಿವಿ ಮೆಲ್ಲಕ ತಿರುಗಿ ಬರ್ತದ. ಆ ಸಣ್ಣ ಕೊಳವಿನೂ ಸ್ವಲ್ಪ ಹಿಗ್ಗತದ, ಮೊದಲ ಅರ್ಧಾ ವಾಟಗಾ ಹಿಡೀತಿದ್ದದ್ದು ಒಂದು ವಾಟಗಾ ಹಿಡೀತದ. ಇನ್ನೊಂದು ಮಾತು ನಮ್ಮ ಡಯಟೀಶಿಯನ್ ಬಾಯಿ ಹೇಳಿದ್ರು: ತೂಕ ಭಾಳ ಇಳದಾಗ ಶರೀರಕ್ಕ ಬರಗಾಲ ಬಂದದ ಅಂತ ಅನಸ್ತದ. ಸುಮ್ನ ಕೂತಾಗ ಸುಡೋ ಶಕ್ತಿನೂ ಕಡಿಮಿ ಮಾಡಿಕೋತದ. ಅಂದ್ರ ಹುಟ್ಟಾ 68 ಕಿಲೋ ಇದ್ದಾಕಿ ಉಂಡಷ್ಟ, 104ರಿಂದ 68ಕ್ಕ ಇಳದಾಕಿ ಉಂಡ್ರ ಇಳದಾಕಿಗೆ ಅದು ಮೈಗೆ ಹತ್ತತದ. ಇದು ನ್ಯಾಯ ಅಲ್ಲ, ಆದ್ರ ಶರೀರಕ್ಕ ನ್ಯಾಯ ಅನ್ಯಾಯ ಗೊತ್ತಿಲ್ಲ.

ನಾಲ್ಕನೇ ವರ್ಷ ನಂದು 77 ಆತು. ಸಕ್ಕರಿ 6.6ಕ್ಕ ಬಂತು, ಒಂದು ಗುಳಿಗಿ ತಿರುಗಿ ಶುರು ಮಾಡಿದ್ರು. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಅವ್ವ ಗ್ವಾಡಿ ತಡಕೋತ ಹೋಗೋದು ಕಣ್ಣಮುಂದ ಬರ್ತಿತ್ತು. ಡಾಕ್ಟರು ಮಾತ್ರ ಬೈಲಿಲ್ಲ. "ಬೀಪಿ ಏರಿದ್ರ ಯಾರರೆ ನಾಚಿಕೋತಾರೇನ್ರಿ? ಔಷಧ ಹೊಂದಸಿಕೋತಾರ. ಇದೂ ಹಂಗ" ಅಂದ್ರು. ಆಮ್ಯಾಲೆ ಸ್ವೀಡನ್ ದೇಶದಾಗ 1987ರಾಗ ಶುರು ಮಾಡಿದ ಒಂದು ದೊಡ್ಡ ಅಧ್ಯಯನದ ಲೆಕ್ಕ ಹೇಳಿದ್ರು. ಆಪರೇಷನ್ ಆದ ಎರಡು ಸಾವಿರ ಮಂದೀನ್ನ ಅಲ್ಲಿ ವರ್ಷಾನುಗಟ್ಟಲೆ ನೋಡಿಕೋತ ಬಂದಾರ. ಅವು ಹಳೇ ನಮೂನಿ ಆಪರೇಷನ್, ಆದ್ರೂ ಲೆಕ್ಕ ತಿಳಕೊಳ್ಳೋ ಹಂಗದ. ಸರಾಸರಿ ಹೇಳಬೇಕಂದ್ರ, 100 ಕಿಲೋ ಇದ್ದಾಕಿ ಎರಡು ವರ್ಷಕ್ಕ 77 ಆಗತಾಳ. ಹತ್ತು ವರ್ಷಕ್ಕ 83 ಆಗತಾಳ. ಇಪ್ಪತ್ತು ವರ್ಷಕ್ಕ 82ಕ್ಕ ನಿಂತಿರ್ತಾಳ. ಅಂದ್ರ ಸ್ವಲ್ಪ ತಿರುಗಿ ಬರೋದು ಮಂದಿಗೆಲ್ಲಾ ಆಗೋದು. ಪೂರ್ತಿ ತಿರುಗಿ ಬರೋದು ಹಂಗಲ್ಲ. ಆ ನಡುವಿನ ಜಾಗಾದಾಗ ನಮ್ಮ ಕೆಲಸ ಇರೋದು.

ಈಗ ನಾ 75ರಾಗ ಇದ್ದೇನಿ, ಎರಡು ವರ್ಷಾತು ಅಲ್ಲೇ ನಿಂತೇನಿ. ಹೆಂಗ ಅಂತ ಕೇಳೋರಿಗೆ ನಮ್ಮ ಮನೀ ಪದ್ಧತಿ ಹೇಳತೇನಿ.

ಮೊದಲನೇದ್ದು ತಾಟಿನಾಗ ಯಾವುದು ಮೊದಲ ಅನ್ನೋದು. ಹೊಟ್ಟ್ಯಾಗ ಜಾಗಾ ಕಡಿಮಿ. ಅಲ್ಲಿ ಅನ್ನ ಮೊದಲ ಹೋದ್ರ ಬ್ಯಾಳಿ ಕಾಳಿಗೆ ಜಾಗಾ ಉಳಿಯೂದಿಲ್ಲ. ದಿನಕ್ಕ 60 ಗ್ರಾಂ ಪ್ರೋಟೀನ್ ಬೇಕಂತಾರ. ನಮ್ಮದು ತತ್ತಿ, ಮಾಂಸ ಇಲ್ಲದ ಅಡಗಿ, ಹೆಂಗ ಆಗತದಪಾ ಅಂತ ಮೊದಲ ಚಿಂತಿ ಆಗಿತ್ತು. ಲೆಕ್ಕ ಹಾಕಿದ್ರ ಆಗತದ. ಮುಂಜಾನೆ ಒಂದು ಗ್ಲಾಸು ಹಾಲು, ಆರು ಗ್ರಾಂ. ನಾಷ್ಟಾಕ್ಕ ನೆನಸಿ ರುಬ್ಬಿದ ಹೆಸರಬ್ಯಾಳಿದು ಎರಡು ಸಣ್ಣ ದೋಸಿ, ಹತ್ತು ಗ್ರಾಂ. ಹನ್ನೊಂದಕ್ಕ 50 ಗ್ರಾಂ ಪನೀರು ತವಾದ ಮ್ಯಾಲೆ ಜೀರಗಿ ಹಾಕಿ ಹುರಕೊಂಡು, ಒಂಬತ್ತು. ಮಧ್ಯಾಹ್ನ ಮೊಳಕಿ ಬಂದ ಹೆಸರಕಾಳು ಇಲ್ಲಾ ಮಡಕಿಕಾಳಿನ ಪಲ್ಯ, ಹನ್ನೆರಡು. ಜೋಡಿ ಗಟ್ಟಿ ಮೊಸರು, ಐದು. ಅದೆಲ್ಲಾ ಹೋದ ಮ್ಯಾಲೆ ಅರ್ಧಾ ಜ್ವಾಳದ ರೊಟ್ಟಿ. ಸಂಜಿಗೆ ಒಂದು ಹಿಡಿ ಪುಠಾಣಿ, ಆರು. ರಾತ್ರಿ 25 ಗ್ರಾಂ ಸೋಯಾ ಉಂಡಿ ಹಾಕಿದ ಪಲ್ಯ, ಹದಿಮೂರು. ಎಲ್ಲಾ ಕೂಡಿದ್ರ 60ಕ್ಕ ಮುಟ್ಟತದ. ಶೇಂಗಾದಾಗೂ ಪ್ರೋಟೀನ್ ಅದ, ಆದ್ರ ಅದರಾಗ ಅರ್ಧಾದಷ್ಟು ಎಣ್ಣಿ. ಹಿಂಗಾಗಿ ಶೇಂಗಾ ಹಿಂಡಿ ಒಂದು ಚಮಚಾ, ಅಷ್ಟ.

ಎರಡನೇದ್ದು ನೀರು. ಊಟದ ಜೋಡಿ ನೀರು ಕುಡಿಯೂದಿಲ್ಲ. ಊಟಾ ಆಗಿ ಅರ್ಧಾ ತಾಸು ಬಿಟ್ಟು ಕುಡೀತೇನಿ. ಆ ಸಣ್ಣ ಕೊಳವ್ಯಾಗ ನೀರು ಜಾಗಾ ಹಿಡೀತದ, ಇಲ್ಲಾ ಊಟಾನ್ನ ಲಗೂನ ಕೆಳಗ ತಳ್ಳತದ, ಲಗೂನ ಮತ್ತ ಹಸಿವಿ ಅನಸ್ತದ. ನಡುನಡುವ ಗುಟುಕು ಗುಟುಕು ಕುಡದು ದಿನಕ್ಕ ಒಂದೂವರಿ ಎರಡು ಲೀಟರ್ ಮುಗಸ್ತೇನಿ.

ಮೂರನೇದ್ದು, ಇದನ್ನ ಭಾಳ ಮಂದಿ ಹೇಳೂದಿಲ್ಲ. ಸಣ್ಣ ಹೊಟ್ಟಿ ಗಟ್ಟಿ ಊಟಕ್ಕಷ್ಟ ಸಣ್ಣದು, ಜಾರೋ ತಿನಿಸಿಗೆ ಅಲ್ಲ. ರೊಟ್ಟಿ ಕಾಳಪಲ್ಯ ನಾಕು ತುತ್ತಿಗೆ ಸಾಕನಸ್ತದ. ಆದ್ರ ಚಹಾದಾಗ ಎದ್ದಿದ ಬಿಸ್ಕೀಟು, ಚುರಮುರಿ ಚೂಡಾ, ಶ್ರೀಖಂಡ, ಬಾಸುಂದಿ, ಐಸ್ಕ್ರೀಮು, ಇವಕ್ಕ ಯಾವ ಅಡ್ಡಿನೂ ಇಲ್ಲ. ಜಾರಿಕೋತ ಹೋಗತಾವ, ಎಷ್ಟ ತಿಂದ್ರೂ ತುಂಬಿದಂಗ ಆಗೂದಿಲ್ಲ. ಆಪರೇಷನ್ ಆದವರಿಗೆ ತೂಕ ತಿರುಗಿ ಬರೋದು ಹೆಚ್ಚಾಗಿ ಊಟದಿಂದ ಅಲ್ಲ, ಹಿಂಗ ದಿನಾ ಇಡೀ ಸ್ವಲ್ಪ ಸ್ವಲ್ಪ ಬಾಯಿ ಆಡಸೋದ್ರಿಂದ.

ಬಾಯಿ ಆಡಸೋದು ಅಂದ್ರ ನಮ್ಮ ಹೆಣ್ಮಕ್ಕಳ ಕೆಲಸಾನ ಅದು, ಹೌದಲ್ರಿ? ಸಾರಿಗೆ ಉಪ್ಪು ನೋಡಬೇಕು, ಚಕ್ಕಲಿ ಗರಿಗರಿ ಆತೋ ನೋಡಬೇಕು, ಉಂಡಿ ಕಟ್ಟೋ ಮುಂದ ಸಕ್ಕರಿ ನೋಡಬೇಕು. ಮೊಮ್ಮಗ ತಾಟಿನಾಗ ಬಿಟ್ಟ ಅರ್ಧಾ ಚಪಾತಿ ಚೆಲ್ಲಬಾರದು, ಅನ್ನ ದೇವರು. ಪಾತೇಲಿ ತಳದಾಗಿನ ಎರಡು ಚಮಚಾ ಶಿರಾಕ್ಕಂತ ಫ್ರಿಜ್ಜಿನಾಗ ಯಾಕ ಇಡಬೇಕು. ಇವು ಯಾವೂ ಊಟದ ಲೆಕ್ಕಕ್ಕ ಬರೂದಿಲ್ಲ, ಮೈಯಿ ಮಾತ್ರ ಎಲ್ಲಾ ಲೆಕ್ಕ ಇಡತದ. ಹಿಂಗಾಗಿ ನಮ್ಮ ಮನ್ಯಾಗ ಮೂರು ಬದಲಾವಣಿ ಆದ್ವು. ಉಪ್ಪು ಖಾರ ನೋಡೋದು ಈಗ ನಮ್ಮನಿಯವರ ಪಾಳಿ. ನಲವತ್ತು ವರ್ಷ ಅಡಗಿ ಮನಿ ಕಡೆ ಹಾಯದ ಮನಷ್ಯಾ ಈಗ ಚಮಚಾ ಹಿಡಕೊಂಡು ನ್ಯಾಯಾಧೀಶರಂಗ ನಿಂದರ್ತಾರ. ಮೊಮ್ಮಗಗ ಮೊದಲ ಅರ್ಧಾ ಚಪಾತಿನ ಹಾಕೋದು, ಬೇಕಂದ್ರ ಮತ್ತ ಹಾಕೋದು. ಉಳದದ್ದಕ್ಕ ಸಣ್ಣ ಸಣ್ಣ ಡಬ್ಬಿ ತಂದೇನಿ. ಎರಡು ಚಮಚಾ ಉಳದ್ರೂ ಡಬ್ಬಿಗೆ, ಇಲ್ಲಾ ಓಣ್ಯಾಗ ಬರೋ ಆಕಳಿಗೆ. ಅನ್ನ ದೇವರು ಅನ್ನೋದು ಖರೇ, ಆದ್ರ ನನ್ನ ಹೊಟ್ಟಿ ಆ ದೇವರ ಹುಂಡಿ ಅಲ್ಲ.

ನಾಲ್ಕನೇದ್ದು ಹಬ್ಬ ಹುಣ್ಣಿವಿ. ಇಲ್ಲೇ ನಿಮ್ಮೆಲ್ಲಾರ ಕಡೆ ನಂದೊಂದು ಅರ್ಜಿ ಅದ.

ನಮ್ಮ ಕಡೆ ಉಪಚಾರ ಅಂದ್ರ ಒತ್ತಾಯ. ಒಲ್ಲೆ ಅಂದವರ ಎಲಿಗೆ ಇನ್ನೊಂದು ಹೋಳಗಿ ಹಾಕಿದ್ರನ ಪ್ರೀತಿ. ನಾನೂ ಹಂಗ ಹಾಕಿ ಬೆಳದಾಕಿನ. ಪಂಚಮಿಗೆ ತವರಮನಿಗೆ ಹೋದ್ರ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವಾ ಉಂಡಿ, ಬುಂದಿ ಉಂಡಿ, ಒಂದೊಂದು ಬಿಟ್ರೂ ಯಾರಿಗರೆ ಸಿಟ್ಟು. "ನಾ ಮಾಡಿದ್ದು ರುಚಿ ನೋಡಲಿಲ್ಲ" ಅಂತ. ಒಂದು ಉಂಡಿಯಿಂದ ಯಾರೂ ದಪ್ಪ ಆಗೂದಿಲ್ಲ ಅನ್ನೋದು ಖರೇ. ಆದ್ರ ಲೆಕ್ಕ ಹಾಕಿ ನೋಡ್ರಿ. ಶ್ರಾವಣದ ಸೋಮವಾರ, ಶುಕ್ರವಾರ, ಪಂಚಮಿ, ಗಣಪತಿ, ದಸರಾ, ದೀಪಾವಳಿ, ನಡುವ ಮದವಿ, ಮುಂಜವಿ, ಕುಬಸ, ಬಾರಸಾ, ಮನಿ ಶಾಂತಿ. ಪ್ರತಿಯೊಂದು ಮನ್ಯಾಗೂ ಒಂದೊಂದ ಉಂಡಿ. ಹಾಕೋರಿಗೆ ಅದು ಒಂದು, ತಿನ್ನಾಕಿಗೆ ವರ್ಷಕ್ಕ ಇನ್ನೂರು.

ಹಿಂಗಾಗಿ ನಾ ಒಂದು ಪದ್ಧತಿ ಮಾಡಿಕೊಂಡೇನಿ. ಹಬ್ಬದ ದಿನ ಸಿಹಿ ತಿಂತೇನಿ, ಬಿಡೂದಿಲ್ಲ. ಹಬ್ಬದ ದಿನಾನೂ ಕಾಳಪಲ್ಯ ಕೋಸಂಬರಿ ಮೊದಲ, ಕಡೀಕ ಅರ್ಧಾ ಹೋಳಗಿ, ಕೂತು, ರುಚಿ ನೋಡಿಕೋತ. ಹೋಳಗಿ ಮ್ಯಾಲೆ ತುಪ್ಪದ ಧಾರಿ ಇಲ್ಲ, ಒಂದು ಚಮಚಾ. ಹಬ್ಬದ ಮರುದಿವಸ ಸಿಹಿ ಮನ್ಯಾಗ ಇರೂದಿಲ್ಲ. ಕೆಲಸದಾಕಿ ಮಕ್ಕಳಿಗೆ, ಓಣಿ ಹುಡುಗರಿಗೆ ಹಂಚಿಬಿಡತೇನಿ. ಬೆಳಗಾವಿಯಿಂದ ಯಾರರೆ ಕುಂದಾ ತಂದ್ರ, ನಮ್ಮೂರ ಪೇಢೆ ಯಾರರೆ ಕೊಟ್ರ, ಅವತ್ತ ಒಂದು ಬಾಯಿಗೆ, ಉಳದದ್ದು ಹಂಚಿಕಿ. ಮದವಿ ಪಂಕ್ತ್ಯಾಗ ಬಡಸೋರು ಬರೋ ಮೊದಲ ಎಲಿ ಮ್ಯಾಲೆ ಕೈ ಅಡ್ಡ ಹಿಡದು "ಅರ್ಧಾ ಹಾಕ್ರಿ" ಅಂತೇನಿ. "ಬ್ಯಾಡ" ಅಂದ್ರ ಒತ್ತಾಯ ಮಾಡತಾರ, "ಅರ್ಧಾ" ಅಂದ್ರ ಕೇಳತಾರ. ಇದನ್ನ ಕಲತಕೊಳ್ರಿ, ಸಕ್ಕರಿ ಕಾಯಿಲೆ ಇದ್ದವರಿಗೂ ಕೆಲಸಕ್ಕ ಬರ್ತದ.

ಏಕಾದಶಿ ಬಗ್ಗೆನೂ ಕೇಳತಾರ. ನಮ್ಮ ಉಪವಾಸದ ಫಳಾರ ಅಂದ್ರ ಸಾಬೂದಾಣಿ ಖಿಚಡಿ, ಬಟಾಟಿ, ಅದರ ಮ್ಯಾಲೆ ಬಾಳೆಹಣ್ಣು. ಸಾಬೂದಾಣಿ ಬರೇ ಪಿಷ್ಟ, ಅದರಾಗ ಪ್ರೋಟೀನ್ ಅನ್ನೋದು ಇಲ್ಲ ಅನ್ನೋ ಹಂಗ. ಶೇಂಗಾ ಪುಡಿ, ತುಪ್ಪ ಬಿದ್ದ ಮ್ಯಾಲೆ ಅದು ಊಟಕ್ಕಿಂತ ಭಾರ. ನಮ್ಮ ಮನಿ ಆಚಾರ್ರನ್ನ ಕೇಳಿದೆ. "ಔಷಧಿ ತಗೋಳೋರಿಗೆ ಉಪವಾಸದ ಕಟ್ಟಳಿ ಇಲ್ಲವಾ, ಹಾಲು ಹಣ್ಣು ತಗೊಂಡು ನಾಮಸ್ಮರಣಿ ಮಾಡು" ಅಂದ್ರು. ಹಂಗ ಮಾಡತೇನಿ. ಹಾಲು, ಮೊಸರು, ಪನೀರು, ಒಂದು ಹಣ್ಣು.

ಐದನೇದ್ದು ಗುಳಿಗಿ. ಇದರಾಗ ಭಾಳ ಮಂದಿ ಕೈಬಿಡತಾರ, "ತೂಕ ಇಳೀತು, ಆರಾಮ ಇದ್ದೇನಿ, ಯಾಕ ಬೇಕು" ಅಂತ. ಜಠರ ಸಣ್ಣದಾದ ಮ್ಯಾಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಮೊದಲಿನಂಗ ಮೈಗೆ ಹತ್ತೂದಿಲ್ಲ. ಬರೇ ತರಕಾರಿ ಊಟ ಮಾಡೋರಿಗೆ ಬಿ12 ಮೊದಲ ಕಡಿಮಿ, ಮ್ಯಾಲೆ ಇದು. ಬಿ12 ಇಳದ್ರ ಕೈಕಾಲು ಜುಮುಜುಮು ಅಂತಾವ, ಮರವು ಬರ್ತದ, ನರಕ್ಕ ಪೆಟ್ಟು ಬೀಳತದ. ನಮ್ಮ ವಯಸ್ಸಿನಾಗ ಮುಟ್ಟು ನಿಂತ ಮ್ಯಾಲೆ ಎಲಬು ಮೊದಲ ಸವೀತಿರ್ತಾವ, ಕ್ಯಾಲ್ಸಿಯಂ ಬಿಟ್ರ ಕತಿ ಮುಗೀತು. ಗುಳಿಗಿ ಜೀವ ಇರೋತನಕಾ. ಕಬ್ಬಿಣದ್ದು ಮತ್ತ ಕ್ಯಾಲ್ಸಿಯಮ್ಮಿಂದು ಒಟ್ಟಿಗೆ ತಗೋಬಾರದು, ನಡುವ ಎರಡು ತಾಸು ಬಿಡಬೇಕು, ಇಲ್ಲಾಂದ್ರ ಕಬ್ಬಿಣ ಮೈಗೆ ಹತ್ತೂದಿಲ್ಲ. ನಂದು ಕಬ್ಬಿಣ ಮುಂಜಾನೆ, ಕ್ಯಾಲ್ಸಿಯಂ ಮಧ್ಯಾಹ್ನ ಮತ್ತ ರಾತ್ರಿ. ಚಹಾದ ಜೋಡಿನೂ ಕಬ್ಬಿಣ ನುಂಗಬಾರದು. ವರ್ಷಕ್ಕೊಮ್ಮೆ ರಕ್ತ ಪರೀಕ್ಷಾ ತಪ್ಪಸೂದಿಲ್ಲ. ಇನ್ನೊಂದು ನೆನಪಿರಲಿ: ಆಪರೇಷನ್ ಆದವರಿಗೆ ನಾಕೈದು ದಿನ ಒಂದೇಸವನ ವಾಂತಿ ಆದ್ರ ಮನ್ಯಾಗ ಓಮಿನ ನೀರು ಕುಡಸಿಕೋತ ಕೂಡಬ್ಯಾಡ್ರಿ. ಬಿ1 ಇಳದು ನರಕ್ಕ, ಮಿದುಳಿಗೆ ಅಪಾಯ ಆಗತದ. ಸೀದಾ ದವಾಖಾನಿಗೆ ಹೋಗ್ರಿ.

ಆರನೇದ್ದು ತಕ್ಕಡಿ ಮತ್ತ ನಡಗಿ. ಪ್ರತಿ ರವಿವಾರ ಮುಂಜಾನೆ ಚಹಾಕ್ಕಿಂತ ಮೊದಲ ತೂಕ ನೋಡಿ ಕ್ಯಾಲೆಂಡರಿನ ಆ ಚೌಕದಾಗ ಬರೀತೇನಿ, ಹಾಲಿನ ಲೆಕ್ಕದ ಬಾಜೂಕ. ದಿನಾ ನೋಡಿದ್ರ ತಲಿ ಕೆಡತದ, ತಿಂಗಳಿಗೊಮ್ಮೆ ನೋಡಿದ್ರ ಎರಡು ಕಿಲೋ ಏರಿದ ಮ್ಯಾಲೆ ಗೊತ್ತಾಗತದ. 77 ಕಂಡ ವಾರಾನ ಡಯಟೀಶಿಯನ್ ಬಾಯಿಗೆ ಫೋನು. ಅಮೇರಿಕಾದಾಗ 1994ರಿಂದ ಒಂದು ನೋಂದಣಿ ಇಟ್ಟಾರ, ಹದಿಮೂರೂವರಿ ಕಿಲೋಕ್ಕಿಂತ ಹೆಚ್ಚು ಇಳಸಿ ವರ್ಷಕ್ಕಿಂತ ಹೆಚ್ಚು ಕಾಯ್ದುಕೊಂಡವರದು. ಅವರು ಹೆಂಗ ಹೆಂಗೋ ಇಳಸಿದವರು. ಆದ್ರ ಕಾಯೋದರಾಗ ಬಹಳಷ್ಟು ಮಂದಿದು ಒಂದ ನಮೂನಿ: ನಾಷ್ಟಾ ತಪ್ಪಸೂದಿಲ್ಲ, ವಾರಕ್ಕೊಮ್ಮೆಯಾದ್ರೂ ತೂಕ ನೋಡತಾರ, ಟಿವಿ ಮುಂದ ಕಡಿಮಿ ಕೂಡತಾರ, ದಿನಾ ಒಂದು ತಾಸಿನಷ್ಟು ಮೈ ದಣಸ್ತಾರ. ಇದರಾಗ ಗುಟ್ಟಿನ ಔಷಧ ಏನೂ ಇಲ್ಲ ನೋಡ್ರಿ.

ನಾನು ಮುಂಜಾನೆ ಸಾಧನಕೇರಿ ತನಕಾ ಹೋಗಿ ಬರ್ತೇನಿ, ನಲವತ್ತೈದು ನಿಮಿಷ. ನಮ್ಮ ಧಾರವಾಡದ ಮಳಿ ಗೊತ್ತದಲ್ಲ, ಜುಲೈದಾಗ ಹೊರಗ ಕಾಲಿಡೋ ಹಂಗಿರೂದಿಲ್ಲ. ಆವಾಗ ಪಡಸಾಲ್ಯಾಗ ಹಿಂದಮುಂದ ನಡೀತೇನಿ. ಬರೇ ನಡಗಿ ಸಾಲೂದಿಲ್ಲ ಅನ್ನೋದು ಆಮ್ಯಾಲೆ ತಿಳೀತು. ತೂಕ ಇಳಿಯೋ ಮುಂದ ಕೊಬ್ಬಿನ ಜೋಡಿ ಸ್ನಾಯುನೂ ಕರಗಿರ್ತದ. ಸ್ನಾಯು ಇದ್ರ ಕೂತಲ್ಲೆ ಹೆಚ್ಚು ಸುಡತದ, ಬಿದ್ರ ಎಲಬೂ ಉಳೀತಾವ. ಹಿಂಗಾಗಿ ವಾರಕ್ಕ ಮೂರು ದಿನ ಎರಡು ಕೈಯಾಗ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡದು ಎತ್ತಿ ಇಳಸ್ತೇನಿ. ಖುರ್ಚಿಯಿಂದ ಕೈ ಊರದ ಹತ್ತು ಸಲ ಏಳೋದು, ಕೂಡೋದು. ಮೊದಲ ಮೂರಕ್ಕ ಸುಸ್ತಾಗತಿದ್ದೆ. ಈಗ ಮೂರು ಸಲ ಹತ್ತತ್ತು ಮಾಡತೇನಿ. ಅಟ್ಟದ ಮೆಟ್ಟಲಾ ಹತ್ತಿ ಸಂಡಗಿ ಒಣ ಹಾಕಿ ಬರ್ತೇನಿ.

ಇವೆಲ್ಲಾ ಮಾಡಿನೂ ಕೆಲವರಿಗೆ ತೂಕ ಏರತದ. ಅಂಥವರಿಗೆ ಈಗ ವಾರಕ್ಕೊಮ್ಮೆ ಚುಚ್ಚಿಕೊಳ್ಳೋ ಇಂಜೆಕ್ಷನ್ ಬಂದಾವ, ಡಾಕ್ಟರು ನೋಡಿ ಕೊಡತಾರ. ಅದೂ ಬಿಟ್ರ ತೂಕ ತಿರುಗಿ ಬರ್ತದಂತ. ಎಲ್ಲಾ ಕೂಡಿ ಮಾತು ಒಂದ: ಇದು ಒಮ್ಮೆ ಬಂದು ಹೋಗೋ ಜ್ವರ ಅಲ್ಲ, ಜೋಡೀನ ಇರೋ ರೋಗ. ನನ್ನ ಗುರ್ತಿನಾಗ ಇಬ್ಬರು ಆಪರೇಷನ್ ಆದವರು ತೂಕ ಸ್ವಲ್ಪ ಏರಿದ ಕೂಡಲೆ ನಾಚಿಕಿಯಿಂದ ದವಾಖಾನಿಗೆ ಹೋಗೋದ ಬಿಟ್ರು. "ಡಾಕ್ಟರಿಗೆ ಏನಂತ ಮುಖಾ ತೋರಸ್ಲಿ" ಅಂತ. ನಾಚಿಕಿ ಮಾಡಿದಷ್ಟು ಹಾನಿ ಹೋಳಗಿ ಮಾಡೂದಿಲ್ಲ. ನಾಲ್ಕನೇ ವರ್ಷ ಡಾಕ್ಟರು ನನಗ ಬೀಪಿ ಮಾತು ಹೇಳದ ಇದ್ರ ನಾನೂ ಇವತ್ತ ಇದನ್ನ ಬರೀತಿದ್ನೋ ಇಲ್ಲೋ.

ಮಂದಿ ಇನ್ನೊಂದು ಮಾತಂತಾರ: "ಸೋಮಾರಿಗಳ ದಾರಿ ಅದು, ಬಾಯಿ ಕಟ್ಟಿದ್ರ ಇಳೀತಿತ್ತು." ಆಪರೇಷನ್ನಿಗಿಂತ ಮೊದಲ ಹದಿನೈದು ವರ್ಷ ನಾ ಬಾಯಿ ಕಟ್ಟೀನಿ, ಎಂಟು ಹತ್ತು ಕಿಲೋ ಇಳಸೀನಿ, ಪ್ರತಿಸಲ ಹನ್ನೆರಡು ತಿರುಗಿ ಬಂದಾವ. ಬಾಯಿ ಕಟ್ಟೋದು ಆಪರೇಷನ್ ಆದ ಮ್ಯಾಲೂ ತಪ್ಪಿಲ್ಲ, ಆದ್ರ ಈಗ ಕಟ್ಟಿದ್ದು ನಿಲ್ಲತದ. ಅಷ್ಟ ಫರಕು, ಆ ಫರಕಿನಾಗ ನನ್ನ ಕಣ್ಣು ಉಳದಾವ. ಹೋದ ತಿಂಗಳ ಕಣ್ಣಿನ ಪರೀಕ್ಷಾ ಆತು, ಹಿಂದಿನ ಪರದೆ ಛಲೋ ಅದ ಅಂದ್ರು. ಮೈ ಚರ್ಮ ಜೋಲಾಗೇದ, ತೋಳು ಅಲ್ಲಾಡತಾವ, ಜಂಪರಿನ ತೋಳು ಮೊಣಕೈ ತನಕಾ ಹೊಲಸಕೋತೇನಿ. ಅದಕ್ಕೇನ ಮಾಡೋದು.

ನನ್ನ ತಂಗಿ ಮಗಳಿಗೆ ನಾ ಮಾಡಸು ಅಂತನೂ ಅನಲಿಲ್ಲ, ಬ್ಯಾಡ ಅಂತನೂ ಅನಲಿಲ್ಲ. 2022ರಾಗ ದೇಶ ವಿದೇಶದ ಈ ಡಾಕ್ಟರ ಸಂಘದವರು ನಿಯಮ ಹೊಸದು ಮಾಡಿದಾಗ ಬಿಎಂಐ 35 ದಾಟಿದವರಿಗೆ ಬ್ಯಾರೆ ರೋಗ ಇರಲಿ ಬಿಡಲಿ ಮಾಡಬಹುದು, ನಮ್ಮ ಏಷ್ಯಾದವರಿಗೆ ಅದಕ್ಕಿಂತ ಕಡಿಮಿ ಇದ್ರೂ ವಿಚಾರ ಮಾಡಬಹುದು ಅಂದಾರ. ಯಾರಿಗೆ ಬೇಕು ಅನ್ನೋದು ಡಾಕ್ಟರು ನೋಡತಾರ. ನಾ ಆಕಿಗೆ ನಾಕು ಪ್ರಶ್ನಿ ಕೇಳಿದೆ. ಆಪರೇಷನ್ ಆದ ಮ್ಯಾಲೆ ಐದು ವರ್ಷನೂ ನಿನ್ನ ನೋಡೋ ಡಯಟೀಶಿಯನ್ ಆ ದವಾಖಾನ್ಯಾಗ ಇದ್ದಾರೋ, ಇಲ್ಲಾ ಹೊಲಿಗಿ ಬಿಚ್ಚಿ ಕೈ ತೊಳಕೋತಾರೋ? ಗುಳಿಗಿ, ರಕ್ತ ಪರೀಕ್ಷಾದ ಖರ್ಚು ಪ್ರತಿ ವರ್ಷ ಆಗತದ, ಅದಕ್ಕ ರೊಕ್ಕ ಇಟ್ಟೀರೇನು? ಬಸರಾಗೋ ವಿಚಾರ ಇದ್ರ ಆಪರೇಷನ್ ಆಗಿ ಒಂದೂವರಿ ವರ್ಷ ತಡೀಬೇಕಂತಾರ, ಗಂಡನ ಜೋಡಿ ಮಾತಾಡೀಯೇನು? ನಾಲ್ಕನೇದ್ದು ಎಲ್ಲಾದಕ್ಕಿಂತ ದೊಡ್ಡದು: ನಿಮ್ಮ ಮನ್ಯಾಗ ಅಡಗಿ ಯಾರ ಕೈಯಾಗದ, ನಿಮ್ಮ ಅತ್ತೀಗೆ ಇದೆಲ್ಲಾ ಗೊತ್ತದೇನು? ಸೊಸಿ ಒಬ್ಬಾಕಿಗೆ ಬ್ಯಾರೆ ವಾಟಗಾ, ಬ್ಯಾರೆ ಲೆಕ್ಕ ಅಂದ್ರ ಕೆಲವು ಮನ್ಯಾಗ ಅದ ದೊಡ್ಡ ಜಗಳ. ಅತ್ತಿ ಒಪ್ಪಿ ಕಾಳಪಲ್ಯ ಮೊದಲ ಬಡಸಿದ್ರ ಅರ್ಧಾ ಕೆಲಸ ಆದಂಗ. ಅತ್ತೀನ್ನೂ ಒಮ್ಮೆ ಡಯಟೀಶಿಯನ್ ಕಡೆ ಕರಕೊಂಡು ಹೋಗು ಅಂದೆ.

ಇನ್ನ ನಿಮಗ. ನನ್ನಂಥಾಕಿ ನಿಮ್ಮ ಮನಿಗೆ ಬಂದಾಗ ಮೂರು ಮಾತು ನೆನಪಿಡ್ರಿ. ತೂಕದ ಬಗ್ಗೆ, ಇಳದದ್ದಾಗಲಿ ಏರಿದ್ದಾಗಲಿ, ಬಾಗಲದಾಗ ನಿಂತು ಮಾತಾಡಬ್ಯಾಡ್ರಿ. ಒಂದು ಸಲ ಕೇಳ್ರಿ, ಸಾಕು ಅಂದ್ರ ಅಲ್ಲಿಗೆ ಬಿಡ್ರಿ, ನಮಗ ಅಪಮಾನ ಆಗೂದಿಲ್ಲ. ಉಂಡಿ ಕೊಡಬೇಕನಿಸಿದ್ರ ಒಂದ ಕೊಡ್ರಿ, ಡಬ್ಬಿ ತುಂಬಿ ಕಟ್ಟಬ್ಯಾಡ್ರಿ. ಉಡಿ ತುಂಬೋ ಮುಂದ ಅಕ್ಕಿ, ಕೊಬ್ಬರಿ ಬಟ್ಟಲಾ ಹಾಕೇ ಹಾಕತೀರಿ, ಅದು ಪದ್ಧತಿ, ಹಾಕ್ರಿ. ಮ್ಯಾಲಿನ ಪೇಢೆ ಪೊಟ್ಟಣದ ಜಾಗಾದಾಗ ಒಂದು ಹಿಡಿ ಹೆಸರಕಾಳು ಹಾಕ್ರಿ. ನೆನಸಿ ಮೊಳಕಿ ಬರಸಿ ಮರುದಿವಸ ಪಲ್ಯ ಮಾಡಿ ನಿಮ್ಮ ಹೆಸರಲೆ ಉಣ್ಣತೇನಿ.